ನೀರು ಬಂತೆಂದು ಕೂಗುವ ಡಬ್ಬಿ

ಅಕ್ಕಂದಿರೇ, ನಿಮ್ಮ ಊರಿನ ನಳಕ್ಕೆ ಎಷ್ಟು ದಿನಕ್ಕೆ ಒಮ್ಮೆ ನೀರು ಬರುತ್ತದೆ? ಎಷ್ಟು ಹೊತ್ತಿಗೆ ಬರುತ್ತದೆ?

ನಮ್ಮ ಓಣಿಯಲ್ಲಿ ಎಂಟು ದಿನಕ್ಕೆ ಒಮ್ಮೆ ನೀರು. ದಿನ ಗೊತ್ತು, ಹೊತ್ತು ಗೊತ್ತಿಲ್ಲ. ಒಮ್ಮೆ ಸಂಜೆ ಏಳಕ್ಕೆ ಬರುತ್ತದೆ. ಒಮ್ಮೆ ನಡುರಾತ್ರಿ ಎರಡಕ್ಕೆ ಬರುತ್ತದೆ. ಒಂದು ತಾಸು ಇರುತ್ತದೆ. ಬಹಳವೆಂದರೆ ಒಂದೂವರೆ ತಾಸು. ಆಮೇಲೆ ನಿಂತುಬಿಡುತ್ತದೆ. ಎದ್ದವರ ಮನೆಯಲ್ಲಿ ಕೊಡ ತುಂಬಿರುತ್ತದೆ. ಮಲಗಿದವರ ಮನೆಯಲ್ಲಿ ಬರಿ ಕೊಡ.

ಎದ್ದು ಕಾಯುವವರು ಯಾರು? ಗಂಡಸರಲ್ಲ. ಅದು ನಿಮಗೂ ಗೊತ್ತು.

ಮೂಲೆಯ ಮನೆಯ ಅಕ್ಕ ನಮ್ಮ ರಾತ್ರಿ ತರಗತಿಗೆ ಬರುತ್ತಾರೆ. ಅಕ್ಷರ ಬೇಗ ಹಿಡಿದರು. ಆದರೆ ವಾರಕ್ಕೆ ಒಂದು ದಿನ ತೂಕಡಿಸುತ್ತಿದ್ದರು. ಪಾಟಿಯ ಮೇಲೆ ತಲೆ ಇಟ್ಟರೆ ಮುಗಿಯಿತು, ನಿದ್ದೆ. ಒಂದು ದಿನ ನಾನು ಕೇಳಿದೆ.

"ಅಕ್ಕಾ, ಮೈಯಾಗ ಆರಾಮ ಇಲ್ಲೇನ್ರಿ?"

"ಆರಾಮ ಅದೀನ್ರಿ ಅಕ್ಕೋರ. ನಿನ್ನಿ ನೀರಿನ ದಿನ ಇತ್ತಲ್ರಿ. ರಾತ್ರಿ ಎಲ್ಲಾ ನಳದ ಮುಂದ ಕುಂತಿದ್ದೆ" ಎಂದರು.

ಅದರ ಹಿಂದಿನ ಸಲ ಅವರಿಗೆ ಕಣ್ಣು ಹತ್ತಿಬಿಟ್ಟಿತ್ತಂತೆ. ನೀರು ಬಂದು ಹೋಗಿತ್ತು. ಮರುದಿನ ಟ್ಯಾಂಕರಿನವರಿಗೆ 60 ರೂಪಾಯಿ ಕೊಟ್ಟು ಒಂದು ಬ್ಯಾರಲ್ ನೀರು ಹಾಕಿಸಿಕೊಂಡರು. ಅವತ್ತು ಮನೆಯಲ್ಲಿ ಅವರು ಕೇಳಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಎಂಟನೆಯ ತರಗತಿಯ ಮಗಳೂ ಪಾಳಿಯ ಮೇಲೆ ಎದ್ದು ಕೂರತೊಡಗಿದಳು. ಮರುದಿನ ಅವಳ ಶಾಲೆ ತಪ್ಪುತ್ತಿತ್ತು.

ಆ ರಾತ್ರಿ ನಾನು ಮನೆಗೆ ಬಂದೆ. ಹಾಸಿಗೆಯ ಕೆಳಗಿನ ನನ್ನ ಪೆಟ್ಟಿಗೆಯನ್ನು ಹೊರಗೆ ಎಳೆದೆ.

ಹಾಸಿಗೆಯ ಕೆಳಗಿನ ಪೆಟ್ಟಿಗೆ

ನನಗೆ ಒಂದು ಹವ್ಯಾಸ ಇದೆ. ಕೆಲವರು ಬಿಡುವಾದಾಗ ಕಸೂತಿ ಹಾಕುತ್ತಾರೆ. ಕೆಲವರು ಹೂವಿನ ಗಿಡ ಬೆಳೆಸುತ್ತಾರೆ. ನಾನು ಕೆಟ್ಟ ರೇಡಿಯೊ, ಕೆಟ್ಟ ಟಾರ್ಚು ಬಿಚ್ಚಿ ನೋಡುತ್ತೇನೆ. ಅದರೊಳಗಿನ ಚೂರುಗಳನ್ನು ಕೂಡಿಸಿ ಬೇರೆ ಏನಾದರೂ ಮಾಡುತ್ತೇನೆ.

ಇದನ್ನು ನಾನು ಕಲಿತದ್ದು ನನ್ನ ಸೋದರಮಾವನಿಂದ. ಅವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಸೂಟಿಯಲ್ಲಿ ಅವರ ಮನೆಗೆ ಹೋದಾಗ ನಾನು ಅಂಗಡಿಯಲ್ಲೇ ಕೂರುತ್ತಿದ್ದೆ. "ಹುಡುಗಿಗೆ ಇದೆಲ್ಲಾ ಯಾಕ?" ಎಂದು ಅಜ್ಜಿ ಬಯ್ಯುತ್ತಿದ್ದಳು. ಮಾವ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಡುತ್ತಿದ್ದರು.

ಈಗ ಶಾಲೆ, ಮನೆ, ರಾತ್ರಿ ತರಗತಿ ಎಲ್ಲ ಮುಗಿದ ಮೇಲೆ ವಾರಕ್ಕೆ ಒಂದೆರಡು ತಾಸು ಸಿಗುತ್ತದೆ. ಅಷ್ಟು ಸಾಕು. ನಮ್ಮ ಮನೆಯವರಿಗೆ ಆ ಪೆಟ್ಟಿಗೆ ಕಂಡರೆ ಆಗುವುದಿಲ್ಲ. "ಮನಿ ತುಂಬಾ ಕಸ" ಎನ್ನುತ್ತಾರೆ. ಆದರೆ ಟಿ.ವಿ. ರಿಮೋಟು ಕೆಟ್ಟರೆ ನನ್ನ ಹತ್ತಿರವೇ ತರುತ್ತಾರೆ!

ನೀರು ಬಂದಾಗ ತಾನೇ ಕೂಗುವ ಒಂದು ಡಬ್ಬಿ ಮಾಡಬೇಕು. ಅಕ್ಕ ನಿದ್ದೆ ಮಾಡಬೇಕು. ಇದು ನನ್ನ ತಲೆಯಲ್ಲಿ ಬಂದ ಯೋಚನೆ.

ನೀರಿನಲ್ಲಿ ಕರೆಂಟು ಹರಿಯುತ್ತದೆಯೇ?

ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು ಎಂದು ಹಿರಿಯರು ಹೇಳುತ್ತಾರೆ. ಯಾಕೆ? ನೀರಿನಲ್ಲಿ ಕರೆಂಟು ಹರಿಯುತ್ತದೆ. ಅದಕ್ಕೇ.

ನಿಜ ಹೇಳಬೇಕೆಂದರೆ, ಕರೆಂಟು ಹರಿಯಲು ಕಾರಣ ನೀರಿನಲ್ಲಿ ಕರಗಿದ ಉಪ್ಪಿನ ಅಂಶ. ನೆಲದ ನೀರಿನಲ್ಲಿ ಹಲವು ಬಗೆಯ ಉಪ್ಪು, ಸುಣ್ಣ ಕರಗಿರುತ್ತವೆ. ಸವಳು ನೀರಿನಲ್ಲಿ ಬಹಳ ಇರುತ್ತವೆ. ಮಳೆಯ ನೀರಿನಲ್ಲಿ ಬಹಳ ಕಡಿಮೆ. ಹಾಗಾಗಿ ಸವಳು ನೀರಿನಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ. ಮಳೆಯ ನೀರಿನಲ್ಲಿ ಕಡಿಮೆ ಹರಿಯುತ್ತದೆ. ನಮ್ಮ ಊರಿನ ನೀರು ಸವಳು. ಬೇಳೆ ಬೇಯುವುದಿಲ್ಲ. ಆದರೆ ನನ್ನ ಡಬ್ಬಿಗೆ ಅದೇ ಅನುಕೂಲವಾಯಿತು.

ಮೊದಲು ನಾನು ಸುಲಭದ ದಾರಿ ಹಿಡಿದೆ. ಒಂದು ಚಿಕ್ಕ ಬ್ಯಾಟರಿ ತೆಗೆದುಕೊಂಡೆ. ಒಂದು ಬಜರ್ ತೆಗೆದುಕೊಂಡೆ. ಬಜರ್ ಎಂದರೆ ಪೀ ಎಂದು ಕೂಗುವ ಕರಿ ಬಿಲ್ಲೆ. ಮಕ್ಕಳ ಆಟದ ಸಾಮಾನಿನಲ್ಲಿಯೂ ಇರುತ್ತದೆ. ಎರಡನ್ನೂ ವೈರಿನಿಂದ ಕೂಡಿಸಿದೆ. ಒಂದು ಕಡೆ ವೈರು ಕತ್ತರಿಸಿ, ಎರಡು ತುದಿಗಳನ್ನು ನೀರಿನ ಬಟ್ಟಲಲ್ಲಿ ಇಳಿಬಿಟ್ಟೆ. ನೀರಿನ ಮೂಲಕ ಕರೆಂಟು ಹರಿಯಲಿ, ಬಜರ್ ಕೂಗಲಿ ಎಂದುಕೊಂಡೆ.

ಕೂಗಲಿಲ್ಲ. ಕಿವಿಗೆ ಹಚ್ಚಿದರೆ ಸೊಳ್ಳೆಯ ಹಾಗೆ ಗುಂಯ್ ಎಂದಿತು, ಅಷ್ಟೆ. ಅದಕ್ಕೆ ಯಾರು ಏಳುತ್ತಾರೆ?

ನೀರಿನಲ್ಲಿ ಹರಿಯುವ ಕರೆಂಟು ಬಹಳ ಸಣ್ಣದು. ಬಜರಿಗೆ ಅದು ಸಾಲದು. ಸಣ್ಣ ಕರೆಂಟು ಬಂದಾಗ ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುವ ಒಂದು ವಸ್ತು ನಡುವೆ ಬೇಕು.

ಮೂರು ಕಾಲಿನ ಚಾವಿ

ನಳದ ಚಾವಿ ನೋಡಿ. ಚಿಕ್ಕ ಮಗು ಕೂಡ ಅದನ್ನು ತಿರುಗಿಸುತ್ತದೆ. ಮಗುವಿನ ಕೈಯ ಬಲ ಎಷ್ಟು? ಸ್ವಲ್ಪ. ಆದರೆ ಹೊರಗೆ ಬೀಳುವ ನೀರಿನ ಬಲ ಎಷ್ಟು? ಬಹಳ. ಆ ಬಲ ಮಗುವಿನದಲ್ಲ. ಮೇಲಿನ ಟ್ಯಾಂಕಿನ ನೀರಿನದು. ಮಗು ಬರೀ ದಾರಿ ಬಿಟ್ಟಿತು.

ಕರೆಂಟಿಗೂ ಅಂಥ ಒಂದು ಚಾವಿ ಇದೆ. ಅದರ ಹೆಸರು ಟ್ರಾನ್ಸಿಸ್ಟರ್.

ಈ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ಅಜ್ಜ ಹೊಲಕ್ಕೆ ಹೋಗುವಾಗ ಹೆಗಲಿಗೆ ರೇಡಿಯೊ ಹಾಕಿಕೊಂಡು ಹೋಗುತ್ತಿದ್ದ. ಅದನ್ನು "ಟ್ರಾನ್ಸಿಸ್ಟರ್" ಎಂದೇ ಕರೆಯುತ್ತಿದ್ದ. ಧಾರವಾಡ ಆಕಾಶವಾಣಿ ಹಚ್ಚಿ ಬದುವಿನ ಮೇಲೆ ಇಡುತ್ತಿದ್ದ. ರೇಡಿಯೊಕ್ಕೆ ಆ ಹೆಸರು ಬಂದದ್ದು ಅದರ ಹೊಟ್ಟೆಯೊಳಗಿನ ಈ ಚಿಕ್ಕ ಚೂರಿನಿಂದ.

ಅದಕ್ಕೂ ಮೊದಲು ರೇಡಿಯೊದೊಳಗೆ ಗಾಜಿನ ಬುರುಡೆಗಳು ಇರುತ್ತಿದ್ದವು. ಅವು ಬಿಸಿಯಾಗುತ್ತಿದ್ದವು. ಬಹಳ ಕರೆಂಟು ತಿನ್ನುತ್ತಿದ್ದವು. ರೇಡಿಯೊ ದೊಡ್ಡ ಪೆಟ್ಟಿಗೆಯಷ್ಟು ಇರುತ್ತಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ಬಾರ್ಡೀನ್, ಬ್ರ್ಯಾಟನ್, ಶಾಕ್ಲಿ ಎಂಬ ಮೂವರು ವಿಜ್ಞಾನಿಗಳಿಗೆ ಇದಕ್ಕಾಗಿ 1956ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಟ್ರಾನ್ಸಿಸ್ಟರೂ ಹುಟ್ಟಿತು ಎಂದು ನೆನಪಿಟ್ಟುಕೊಳ್ಳಿ. ಇವತ್ತು ನಿಮ್ಮ ಮನೆಯ ಮೊಬೈಲಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವು.

ನನ್ನ ಪೆಟ್ಟಿಗೆಯಲ್ಲಿದ್ದದ್ದು ಕಾಣುವಂಥದು. ತೊಗರಿಕಾಳಿಗಿಂತ ಚೂರು ದಪ್ಪ. ಕರಿ ಬಣ್ಣ. ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಗುಂಡಗೆ. ಕೆಳಗೆ ಮೂರು ಕಾಲು. ಚಪ್ಪಟೆ ಮುಖದ ಮೇಲೆ ಇಂಗ್ಲಿಷಿನಲ್ಲಿ ಬಿ.ಸಿ. 547 ಎಂದು ಬರೆದಿರುತ್ತದೆ. ಇಂಗ್ಲಿಷ್ ಬಾರದಿದ್ದರೆ ಚಿಂತೆ ಇಲ್ಲ. 547 ಎಂಬ ಅಂಕಿ ಓದಿದರೆ ಸಾಕು.

ಈ ಮೂರು ಕಾಲುಗಳಲ್ಲಿ ನಡುವಿನ ಕಾಲೇ ಚಾವಿ. ನಡುವಿನ ಕಾಲಿಗೆ ಸ್ವಲ್ಪ ಕರೆಂಟು ಕೊಟ್ಟರೆ, ಉಳಿದ ಎರಡು ಕಾಲುಗಳ ನಡುವೆ ಅದರ ನೂರು ಪಟ್ಟಿಗೂ ಹೆಚ್ಚು ಕರೆಂಟು ಹರಿಯುತ್ತದೆ. ಆ ಹೆಚ್ಚಿನ ಕರೆಂಟು ಎಲ್ಲಿಂದ ಬಂತು? ಬ್ಯಾಟರಿಯಿಂದ. ಟ್ರಾನ್ಸಿಸ್ಟರ್ ಬರೀ ದಾರಿ ಬಿಟ್ಟಿತು. ನಳದ ಚಾವಿಯ ಹಾಗೆ.

ನೀರು ಇಲ್ಲದಾಗ ನಡುವಿನ ಕಾಲಿಗೆ ಏನೂ ಬರುವುದಿಲ್ಲ. ದಾರಿ ಬಂದ್. ಬ್ಯಾಟರಿ ಖರ್ಚಾಗುವುದಿಲ್ಲ. ನೀರು ಮುಟ್ಟಿದ ಕೂಡಲೇ ದಾರಿ ತೆರೆಯುತ್ತದೆ. ಬಜರ್ ಜೋರಾಗಿ ಕೂಗುತ್ತದೆ.

ಬಣ್ಣದ ಅಕ್ಷರ

ಇನ್ನೊಂದು ಚೂರು ಬೇಕು. ಅದರ ಹೆಸರು ರೆಸಿಸ್ಟರ್. ಇದು ಕರೆಂಟಿಗೆ ಅಡ್ಡ ಹಾಕಿದ ಒಡ್ಡು. ಆಕಸ್ಮಾತ್ ಎರಡು ವೈರುಗಳು ಒಂದಕ್ಕೊಂದು ತಾಗಿದರೆ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಒಡ್ಡು ಇದ್ದರೆ ಹಾಗಾಗುವುದಿಲ್ಲ.

ರೆಸಿಸ್ಟರ್ ನೋಡಲು ಜೀರಿಗೆಗಿಂತ ಸ್ವಲ್ಪ ದೊಡ್ಡದು. ಎರಡು ಕಡೆ ತಂತಿ. ಮೈಮೇಲೆ ಬಣ್ಣದ ಗೆರೆಗಳು. ಬಳೆ ಹಾಕಿದ ಹಾಗೆ ಕಾಣುತ್ತದೆ. ಆ ಗೆರೆಗಳು ಚೆಂದಕ್ಕೆ ಹಾಕಿದ್ದಲ್ಲ. ಅವು ಅಂಕಿಗಳು! ಅಷ್ಟು ಸಣ್ಣ ಮೈಮೇಲೆ ಅಂಕಿ ಬರೆದರೆ ಓದಲು ಕಷ್ಟ. ಅದಕ್ಕೆ ಬಣ್ಣದಲ್ಲಿ ಬರೆದರು.

ಕಪ್ಪು ಎಂದರೆ 0. ಕಂದು ಎಂದರೆ 1. ಕೆಂಪು 2. ಕಿತ್ತಳೆ 3. ಹಳದಿ 4. ಹಸಿರು 5. ನೀಲಿ 6. ನೇರಳೆ 7. ಬೂದಿ ಬಣ್ಣ 8. ಬಿಳಿ 9.

ಓದುವುದು ಹೀಗೆ. ಮೊದಲ ಎರಡು ಗೆರೆ ಎರಡು ಅಂಕಿ. ಮೂರನೆಯ ಗೆರೆ, ಮುಂದೆ ಎಷ್ಟು ಸೊನ್ನೆ ಹಾಕಬೇಕು ಎಂದು ಹೇಳುತ್ತದೆ. ನಮ್ಮ ಡಬ್ಬಿಗೆ ಬೇಕಾದದ್ದು ಕಂದು, ಕಪ್ಪು, ಕೆಂಪು. ಕಂದು 1. ಕಪ್ಪು 0. ಆಮೇಲೆ ಕೆಂಪು, ಅಂದರೆ ಎರಡು ಸೊನ್ನೆ. ಎಷ್ಟಾಯಿತು? 1000. ಇದನ್ನು 1000 ಓಮ್ ಎನ್ನುತ್ತಾರೆ. ಕೊನೆಯಲ್ಲಿ ಒಂದು ಬಂಗಾರದ ಬಣ್ಣದ ಗೆರೆ ಇರುತ್ತದೆ. ಲೆಕ್ಕದಲ್ಲಿ ನೂರಕ್ಕೆ 5ರಷ್ಟು ಹೆಚ್ಚು ಕಡಿಮೆ ಇರಬಹುದು ಎಂದು ಅದರ ಅರ್ಥ. ಬಂಗಾರದ ಗೆರೆ ಬಲಗಡೆಗೆ ಬರುವಂತೆ ಹಿಡಿದು ಎಡಗಡೆಯಿಂದ ಓದಿ.

ರಾಜಸ್ಥಾನದ ಅಜ್ಮೇರ್ ಜಿಲ್ಲೆಯಲ್ಲಿ ತಿಲೋನಿಯಾ ಎಂಬ ಹಳ್ಳಿ ಇದೆ. ಅಲ್ಲಿ ಬೇರ್‌ಫುಟ್ ಕಾಲೇಜು ಎಂಬ ಸಂಸ್ಥೆ 1972ರಲ್ಲಿ ಆರಂಭವಾಯಿತು. ಬೇರ್‌ಫುಟ್ ಎಂದರೆ ಬರಿಗಾಲು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಅಲ್ಲಿ ಸೌರ ದೀಪ ಮಾಡುವುದನ್ನು ಕಲಿತರು. ಬಿಸಿಲಿನಿಂದ ಉರಿಯುವ ದೀಪ ಅದು. ಆಫ್ರಿಕಾದ ಹಳ್ಳಿಗಳಿಂದಲೂ ಅಜ್ಜಿಯರು ಬಂದರು. ಆರು ತಿಂಗಳು ಇದ್ದು ಕಲಿತರು. ಕಲಿಸುವವರ ಭಾಷೆ ಅವರಿಗೆ ಬರುತ್ತಿರಲಿಲ್ಲ. ಬಣ್ಣ ನೋಡಿ, ಕೈಸನ್ನೆ ನೋಡಿ ಕಲಿತರು. ತಮ್ಮ ಊರಿಗೆ ಹೋಗಿ ಮನೆಗಳಿಗೆ ದೀಪ ಹಾಕಿಕೊಟ್ಟರು.

ಇದನ್ನು ನಾನು ತರಗತಿಯಲ್ಲಿ ಹೇಳಿದೆ. ಮೂಲೆ ಮನೆಯ ಅಕ್ಕ ನನ್ನ ಕೈಯಿಂದ ರೆಸಿಸ್ಟರ್ ತೆಗೆದುಕೊಂಡು ದೀಪಕ್ಕೆ ಹಿಡಿದರು. "ಇದು ಕಂದ ಅಲ್ರಿ ಅಕ್ಕೋರ, ಕೆಂಪು" ಎಂದರು. ನೋಡಿದರೆ ಹೌದು! ನಾನೇ ತಪ್ಪು ತೆಗೆದಿದ್ದೆ. ಅವರು ಕೌದಿ ಹೊಲಿಯುವವರು. ಬಣ್ಣದ ವಿಷಯದಲ್ಲಿ ಅವರ ಕಣ್ಣು ನನಗಿಂತ ಚುರುಕು.

ಆಗಲೇ ನಾನು ಯೋಚನೆ ಬದಲಿಸಿದೆ. ಡಬ್ಬಿಯನ್ನು ನಾನು ಮಾಡಿ ಕೊಡುವುದು ಬೇಡ. ಅಕ್ಕನೇ ಮಾಡಲಿ.

ಸಾಮಾನು ಮತ್ತು ಲೆಕ್ಕ

ಹುಬ್ಬಳ್ಳಿಗೆ ಹೋದಾಗ ಸಾಮಾನು ತಂದೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇಂಥ ಸಾಮಾನಿಗೆ ಹೆಸರಾದದ್ದು. ಹತ್ತಿರದ ಪೇಟೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿಯೂ ಕೇಳಬಹುದು. ನಾನು ಕೊಟ್ಟ ರೊಕ್ಕ ಹೀಗಿದೆ. ಬಜರ್ 30 ರೂಪಾಯಿ. 9 ವೋಲ್ಟಿನ ಚೌಕ ಬ್ಯಾಟರಿ 30. ಬ್ಯಾಟರಿಯ ಟೋಪಿ, ಅಂದರೆ ಮೇಲೆ ಸಿಕ್ಕಿಸುವ ಕ್ಲಿಪ್ಪು, 10. ಟ್ರಾನ್ಸಿಸ್ಟರ್ 5. ರೆಸಿಸ್ಟರ್ 1. ವೈರು 10. ಒಟ್ಟು ಎಷ್ಟು? ಕೂಡಿಸಿ ನೋಡಿ. 86 ರೂಪಾಯಿ. ಸಾಬೂನಿನ ಡಬ್ಬಿ ಮನೆಯದು.

ಬಜರ್ ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ ಕೂಗಿಸಿ ನೋಡಿ. ಕೆಲವು ಬಿಲ್ಲೆಗಳು ಬರೀ ಬ್ಯಾಟರಿಗೆ ಹಚ್ಚಿದರೆ ಕೂಗುವುದಿಲ್ಲ. ಅಂಥದು ಬೇಡ. ನಾನು ಮೊದಲು ಅಂಥದೇ ತಂದು ಮೋಸಹೋದೆ. ಅದು ಇನ್ನೂ ಪೆಟ್ಟಿಗೆಯಲ್ಲಿ ಬಿದ್ದಿದೆ.

ಕೂಡಿಸುವುದು ಹೇಗೆ?

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ ಇರಲಿ. ಕಾಲುಗಳು ಕೆಳಗೆ ಇರಲಿ. ಎಡಗಡೆಯದು 1ನೆಯ ಕಾಲು. ನಡುವಿನದು 2. ಬಲಗಡೆಯದು 3. ಇದು 547ಕ್ಕೆ ಮಾತ್ರ. ಬೇರೆ ಅಂಕಿಯದಾದರೆ ಕಾಲುಗಳ ಸಾಲು ಬೇರೆ ಇರಬಹುದು.

ಬಜರಿನ ಕರಿ ವೈರನ್ನು 1ನೆಯ ಕಾಲಿಗೆ ಸುತ್ತಿ.

ರೆಸಿಸ್ಟರಿನ ಒಂದು ತಂತಿಯನ್ನು 2ನೆಯ ಕಾಲಿಗೆ ಸುತ್ತಿ. ಅದರ ಇನ್ನೊಂದು ತಂತಿಗೆ ಒಂದು ಉದ್ದನೆಯ ವೈರು ಕಟ್ಟಿ. ಈ ವೈರು ನೀರಿಗೆ ಹೋಗುತ್ತದೆ.

ಬ್ಯಾಟರಿ ಕ್ಲಿಪ್ಪಿನ ಕರಿ ವೈರನ್ನು 3ನೆಯ ಕಾಲಿಗೆ ಸುತ್ತಿ.

ಈಗ ಬ್ಯಾಟರಿಯ ಕೆಂಪು ವೈರು ಉಳಿಯಿತು. ಬಜರಿನ ಕೆಂಪು ವೈರು ಉಳಿಯಿತು. ಇವೆರಡನ್ನೂ ಕೂಡಿಸಿ ಹೊಸೆಯಿರಿ. ಅದೇ ಗಂಟಿಗೆ ಇನ್ನೊಂದು ಉದ್ದನೆಯ ವೈರು ಕಟ್ಟಿ. ಇದೂ ನೀರಿಗೆ ಹೋಗುತ್ತದೆ.

ಒಂದು ಕಾಲು ಇನ್ನೊಂದು ಕಾಲಿಗೆ ತಾಗಬಾರದು. ನಡುವೆ ಟೇಪು ಸುತ್ತಿ. ಎಲ್ಲ ಮುಗಿದ ಮೇಲೆ ಬ್ಯಾಟರಿ ಸಿಕ್ಕಿಸಿ. ಮೊದಲೇ ಸಿಕ್ಕಿಸಬೇಡಿ.

ಸುತ್ತಿದ ಗಂಟು ಕೆಲವು ತಿಂಗಳಿಗೆ ಸಡಿಲವಾಗುತ್ತದೆ. ಗಟ್ಟಿ ಇರಬೇಕೆಂದರೆ ಬೆಸುಗೆ ಹಾಕಬೇಕು. ಬೆಸುಗೆಯ ತಂತಿಯಲ್ಲಿ ತವರ ಮತ್ತು ಸೀಸ ಇರುತ್ತವೆ. ಸಾಮಾನ್ಯವಾಗಿ ತವರ 60 ಭಾಗ, ಸೀಸ 40 ಭಾಗ. ಬಿಸಿ ಕಡ್ಡಿ ತಾಗಿಸಿದರೆ ಅದು ತುಪ್ಪದ ಹಾಗೆ ಕರಗಿ ಗಂಟಿನೊಳಗೆ ಇಳಿಯುತ್ತದೆ. ಆರಿದ ಮೇಲೆ ಹೊಳೆಯುತ್ತದೆ. ಅದರ ಮೇಲೆ ಆಸೆಯಾಗಿ ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದು. ಸೀಸ ವಿಷ. ಮಕ್ಕಳಿಗೆ ಬಹಳ ಕೆಟ್ಟದ್ದು. ಬೆಸುಗೆ ಹಾಕುವಾಗ ಕಿಟಕಿ ತೆರೆದಿಡಿ. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಅಡುಗೆ ಮನೆಯಲ್ಲಿ ಈ ಕೆಲಸ ಮಾಡಬೇಡಿ. ಬಸುರಿಯಾದವರು ಇದನ್ನು ಬೇರೆಯವರಿಂದ ಮಾಡಿಸಿ.

ಅಕ್ಕ ಮೊದಲ ದಿನ ಬರೀ ಸುತ್ತಿ ಮಾಡಿದರು. ಅವರ ಗಂಟು ನನ್ನ ಗಂಟಿಗಿಂತ ಗಟ್ಟಿ ಇದ್ದವು. ಆದರೆ ಡಬ್ಬಿ ಕೂಗಲಿಲ್ಲ. ಅವರ ಮುಖ ಸಣ್ಣದಾಯಿತು. "ನನ್ನ ಕೈಲೆ ಆಗೂದಲ್ಲ ಬಿಡ್ರಿ" ಎಂದರು. ಇಬ್ಬರೂ ಮತ್ತೆ ನೋಡಿದೆವು. 1 ಮತ್ತು 3ನೆಯ ಕಾಲು ಅದಲುಬದಲಾಗಿದ್ದವು. ಬಿಚ್ಚಿ ಕಟ್ಟಿದರು. ಚೊಂಬಿನ ನೀರಿನಲ್ಲಿ ವೈರು ಮುಟ್ಟಿಸಿದರು.

ಪೀ......!

ತರಗತಿಯ ಎಲ್ಲರೂ ಪಾಟಿ ಬಿಟ್ಟು ಎದ್ದು ಬಂದರು. ಅವತ್ತು ಪಾಠ ಆಗಲಿಲ್ಲ.

ಬೆಕ್ಕು ಎಬ್ಬಿಸಿದ ರಾತ್ರಿ

ಡಬ್ಬಿಯನ್ನು ಎಲ್ಲಿ ಇಡಬೇಕು? ಇದನ್ನು ನಾವು ತಪ್ಪು ಮಾಡಿ ಮಾಡಿ ಕಲಿತೆವು.

ಮೊದಲು ನಾನು ನನ್ನ ಮನೆಯಲ್ಲಿಟ್ಟು ನೋಡಿದೆ. ನಳದ ಕೆಳಗಿನ ಕಲ್ಲಿನ ಮೇಲೆ ವೈರಿನ ತುದಿ ಬಿಟ್ಟಿದ್ದೆ. ರಾತ್ರಿ ಹನ್ನೆರಡಕ್ಕೆ ಡಬ್ಬಿ ಕೂಗಿತು. ಎಲ್ಲರೂ ಎದ್ದೆವು. ಅತ್ತೆಯವರು ಮೊಣಕಾಲು ಹಿಡಿದುಕೊಂಡು ಕೊಡ ತಂದರು. ನಳ ಒಣಗಿತ್ತು! ಬೆಕ್ಕು ಬಕೆಟ್ಟಿನ ತಳದ ನೀರು ಚೆಲ್ಲಿ ಹೋಗಿತ್ತು. ಕಲ್ಲು ಒದ್ದೆಯಾಗಿ ಎರಡು ವೈರುಗಳನ್ನು ಕೂಡಿಸಿತ್ತು. ಅತ್ತೆಯವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಅಕ್ಕನೇ ಒಂದು ಉಪಾಯ ಹೇಳಿದರು. ನಳಕ್ಕೆ ಮೊದಲು ಗಾಳಿ ಬರುತ್ತದೆ. ಆಮೇಲೆ ಕೆಂಪು ನೀರು. ಆಮೇಲೆ ತಿಳಿ ನೀರು. ಕೆಂಪು ನೀರು ಬರುವಾಗಲೇ ಏಳುವುದು ಯಾಕೆ? ನಳದ ಕೆಳಗೆ ಖಾಲಿ ಬಕೆಟ್ಟು ಇಡಬೇಕು. ಚಾವಿ ತೆರೆದಿಡಬೇಕು. ಬಕೆಟ್ಟಿನ ಕಂಠದಿಂದ ನಾಲ್ಕು ಬೆರಳು ಕೆಳಗೆ ವೈರುಗಳ ತುದಿ ಬರುವಂತೆ ಕಟ್ಟಬೇಕು. ಎರಡು ತುದಿಗಳ ನಡುವೆ ಒಂದು ಬೆರಳಿನ ಅಂತರ ಇರಬೇಕು. ಕೆಂಪು ನೀರು ಬಕೆಟ್ಟು ತುಂಬುತ್ತದೆ. ತುದಿ ಮುಟ್ಟುವ ಹೊತ್ತಿಗೆ ತಿಳಿ ನೀರು ಶುರುವಾಗಿರುತ್ತದೆ. ಆಗ ಡಬ್ಬಿ ಕೂಗುತ್ತದೆ.

ನನಗೆ ಇದು ಹೊಳೆದಿರಲಿಲ್ಲ. ನಳದ ಮುಂದೆ ವರ್ಷಗಟ್ಟಲೆ ಕುಳಿತವರಿಗೆ ಹೊಳೆಯಿತು.

ವೈರು ಮುಳುಗಿದ ಬಕೆಟ್ಟಿನ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ. ನೆಲ ಒರೆಸಲು, ಗಿಡಕ್ಕೆ ಹಾಕಲು ಬಳಸಿ. ಕೆಂಪು ವೈರಿನ ಕಡೆಯ ತಾಮ್ರ ನೀರಿನಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತದೆ. ತುದಿ ಹಸಿರಾಗುತ್ತದೆ. ಹಸಿರಾದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ತಿಂಗಳಿಗೆ ಒಮ್ಮೆ ತುದಿಯನ್ನು ಉಸುಕಿನ ಕಾಗದದಿಂದ ತಿಕ್ಕಿ. ತುದಿಗೆ ಹಳೆಯ ಸ್ಟೀಲ್ ಚಮಚೆ ಕಟ್ಟಿದರೆ ಇನ್ನೂ ಒಳ್ಳೆಯದು. ಸ್ಟೀಲ್ ಅಷ್ಟು ಬೇಗ ಕೆಡುವುದಿಲ್ಲ. ಡಬ್ಬಿ ಕೂಗಿದ ಕೂಡಲೇ ವೈರನ್ನು ನೀರಿನಿಂದ ಮೇಲೆತ್ತಿ. ಇಲ್ಲದಿದ್ದರೆ ಬ್ಯಾಟರಿ ತೀರಿಹೋಗುತ್ತದೆ.

ಇದನ್ನು ಮುಟ್ಟಬೇಡಿ

ಈ ಮಾತನ್ನು ಎರಡು ಸಲ ಓದಿ.

ನಮ್ಮ ಡಬ್ಬಿಯ ಬ್ಯಾಟರಿ 9 ವೋಲ್ಟಿನದು. ಕೈಯಿಂದ ಮುಟ್ಟಿದರೆ ಏನೂ ಆಗುವುದಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟು. ಅದು ಜೀವ ತೆಗೆಯುತ್ತದೆ. ಬ್ಯಾಟರಿಗೆ ರೊಕ್ಕ ಉಳಿಸಲು ಈ ಡಬ್ಬಿಯನ್ನು ಮೊಬೈಲ್ ಚಾರ್ಜರಿಗೆ ಹಚ್ಚಬೇಡಿ. ಗೋಡೆಯ ಪ್ಲಗ್ಗಿಗೆ ಹಚ್ಚಬೇಡಿ. ನೀರಿನ ಹತ್ತಿರ ಬ್ಯಾಟರಿ ಮಾತ್ರ.

ಬೆಸುಗೆ ಕಡ್ಡಿ ಗೋಡೆಯ ಕರೆಂಟಿನಿಂದ ಬಿಸಿಯಾಗುತ್ತದೆ. ಅದನ್ನು ಒಣ ಜಾಗದಲ್ಲಿ, ಒಣ ಕೈಯಿಂದ, ಕಾಲಿಗೆ ಚಪ್ಪಲಿ ಹಾಕಿಕೊಂಡು ಹಿಡಿಯಿರಿ. ನನ್ನ ಎಡಗೈಯ ಹೆಬ್ಬೆರಳಿಗೆ ಅದರ ಕಲೆ ಇನ್ನೂ ಇದೆ. ಮಗ ಕರೆದನೆಂದು ತಿರುಗಿ ನೋಡಿದ್ದೆ, ಅಷ್ಟೆ.

ಟಿ.ವಿ., ಮಿಕ್ಸರ್, ಚಾರ್ಜರ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಲವದರೊಳಗೆ ಕರೆಂಟು ಕೂಡಿಟ್ಟುಕೊಂಡು ಕೂತಿರುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ಗುಂಡಿಯಂಥ ಚಿಕ್ಕ ಸೆಲ್ಲುಗಳನ್ನು ಕೂಸುಗಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಡುತ್ತದೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಬೆಳಗಿನತನಕ ಕಾಯಬಾರದು.

ಈಗ ನಮ್ಮ ಓಣಿಯಲ್ಲಿ

ಅಕ್ಕ ಡಬ್ಬಿ ಮನೆಗೆ ಒಯ್ದ ದಿನ ಅವರ ಯಜಮಾನರು ಕೇಳಿದರಂತೆ. "ಎಷ್ಟ ಕೊಟ್ಟು ತಂದಿ?"

"ತಂದಿಲ್ಲ. ನಾನ ಮಾಡೀನಿ."

ಅವರು ನಂಬಲಿಲ್ಲ. ಎರಡು ವೈರುಗಳನ್ನು ಒದ್ದೆ ಬೆರಳಿನಿಂದ ಮುಟ್ಟಿದರು. ಡಬ್ಬಿ ಸಣ್ಣಗೆ ಕೂಗಿತು. ಅವರು ಬೆಚ್ಚಿ ಬಿಟ್ಟುಬಿಟ್ಟರು. ಮೈಯಲ್ಲಿಯೂ ನೀರು, ಉಪ್ಪು ಇವೆಯಲ್ಲ! ಅಕ್ಕ ಅದನ್ನು ಅವರಿಗೆ ತಿಳಿಸಿ ಹೇಳಿದರಂತೆ. ನನಗೆ ಇದನ್ನು ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ.

ಮೊದಲ ನೀರಿನ ದಿನ ಅಕ್ಕನಿಗೆ ನಿದ್ದೆ ಬರಲಿಲ್ಲ. ಡಬ್ಬಿ ಕೂಗದೇ ಹೋದರೆ ಎಂಬ ಭಯ. ಎದ್ದು ಎದ್ದು ನೋಡಿದರು. ಎರಡೂ ಕಾಲಿಗೆ ಅದು ಕೂಗಿತು. ಎರಡನೆಯ ವಾರ ಸ್ವಲ್ಪ ಮಲಗಿದರು. ಮೂರನೆಯ ವಾರ ಮಗಳು ರಾತ್ರಿಯೆಲ್ಲ ಮಲಗಿ, ಬೆಳಿಗ್ಗೆ ಶಾಲೆಗೆ ಬಂದಳು. ಹಾಜರಿ ಕರೆಯುವಾಗ ಅವಳ ದನಿ ನನಗೆ ಪಕ್ಕದ ಕೋಣೆಯಿಂದ ಕೇಳಿತು.

ಈ ಡಬ್ಬಿಯಿಂದ ನೀರು ಹೆಚ್ಚು ಬರುವುದಿಲ್ಲ. ಹೊತ್ತಿಗೆ ಸರಿಯಾಗಿಯೂ ಬರುವುದಿಲ್ಲ. ಅದಕ್ಕಾಗಿ ಓಣಿಯವರು ಒಂದು ಅರ್ಜಿ ಬರೆದಿದ್ದೇವೆ. ಅದರ ಕೆಳಗೆ ಹನ್ನೊಂದು ಹೆಂಗಸರ ಸಹಿ ಇದೆ. ಹೆಬ್ಬೆಟ್ಟು ಒಂದೂ ಇಲ್ಲ. ಉತ್ತರ ಇನ್ನೂ ಬಂದಿಲ್ಲ.

ನಾನು ಈಗ ಅತ್ತೆಯವರಿಗಾಗಿ ಒಂದು ರಾತ್ರಿ ದೀಪ ಮಾಡುತ್ತಿದ್ದೇನೆ. ಅವರು ರಾತ್ರಿ ಎದ್ದು ಕತ್ತಲಲ್ಲಿ ಗೋಡೆ ಹಿಡಿದು ಹೋಗುತ್ತಾರೆ. ಹೊಸ್ತಿಲು ಎಡವಿ ಬಿದ್ದರೆ ಗತಿ ಏನು? ಮೂರು ಸಣ್ಣ ಸೆಲ್ಲು, ಒಂದು ಬಿಳಿ ಎಲ್.ಇ.ಡಿ., ಒಂದು ರೆಸಿಸ್ಟರ್, ಒಂದು ಸ್ವಿಚ್ಚು. ಎಲ್.ಇ.ಡಿ.ಗೆ ಎರಡು ಕಾಲು. ಉದ್ದನೆಯದು + ಗುರುತಿನ ಕಡೆಗೆ. ರೆಸಿಸ್ಟರಿನ ಗೆರೆಗಳು ಕಂದು, ಕಪ್ಪು, ಕಂದು. ಎಷ್ಟು ಓಮ್? ನೀವೇ ಓದಿ. ದೀಪ ಉರಿಯುತ್ತಿದೆ. ಆದರೆ ಸ್ವಿಚ್ಚು ಬಹಳ ಬಿಗಿ ಇದೆ, ಅತ್ತೆಯವರ ಬೆರಳಿಗೆ ಒತ್ತಲು ಆಗುತ್ತಿಲ್ಲ. ಬೇರೆ ಸ್ವಿಚ್ಚು ತರಬೇಕು.

ಓಣಿಯಲ್ಲಿ ಈಗ ಮೂರು ಡಬ್ಬಿಗಳಿವೆ. ಒಂದು ಅಕ್ಕನದು, ಒಂದು ನನ್ನದು. ಇನ್ನೊಂದನ್ನು ಹಿಟ್ಟಿನ ಗಿರಣಿಯ ಮನೆಯ ಸೊಸೆ ಮಾಡಿಕೊಂಡಳು. ಅಕ್ಕನೇ ಅವಳಿಗೆ ಕಲಿಸಿದರು. ನಮ್ಮ ಎದುರು ಮನೆಯ ಅಜ್ಜಿಗೂ ಕಲಿಸೋಣವೆಂದು ಅಕ್ಕ ಕೇಳಿದರು. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಹೇಳಿದಳು.

"ನನಗ್ಯಾಕಬೇ ತಂಗಿ? ನಿಂದು ಕೂಗಿದ್ದು ನಮ್ಮನಿತನಕ ಕೇಳಸ್ತೈತಿ. ಕೂಗಿದ ಕೂಡ್ಲೆ ನಾನೂ ಎದ್ದು ಕೊಡ ಹಚ್ಚತೀನಿ."